ಒಂದು ಚೆಂಡು ಮಲ್ಲಿಗೆಗೆ ಹತ್ತು ಸಲ ಏಳುವುದು: ಶಂಕರಪುರದ ಕಡೆಯ ಒಂದು ಮಂಡಿನೋವಿನ ಪ್ರಕರಣ

ಕಮಲಕ್ಕ ನನ್ನ ಹತ್ತಿರ ಬಂದದ್ದು ಒಂದು ಜನವರಿಯಲ್ಲಿ. ಜೊತೆಗೆ ಸೊಸೆ ಇದ್ದರು. ಸೊಸೆಯ ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರೊಳಗೆ ನಾಲ್ಕು ಎಕ್ಸ್‌ರೇ, ಮೂರು ಬೇರೆ ಬೇರೆ ಕಡೆಯ ಚೀಟಿ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳು, ಎರಡು ಮಂಡಿಪಟ್ಟಿ. ಕಮಲಕ್ಕ ಕುಳಿತುಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ ಒಂದೇ. "ಆಪರೇಶನ್ ಮಾಡದೆ ಆಗುದಿಲ್ವಾ ಡಾಕ್ಟ್ರೇ?"

ನಾನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್. ಈ ಪ್ರಶ್ನೆಯನ್ನು ವಾರಕ್ಕೆ ಹಲವು ಸಲ ಕೇಳುತ್ತೇನೆ. ಹಾಗಿದ್ದೂ ಈ ಒಂದು ಪ್ರಕರಣವನ್ನು ಬರೆಯಲು ಕಾರಣ ಇದೆ. ಇದರಲ್ಲಿ ನಾವು ಮೊದಲು ತಪ್ಪಿದೆವು, ಯಾಕೆ ತಪ್ಪಿದೆವು ಎಂಬುದು ಆಮೇಲೆ ಸ್ಪಷ್ಟವಾಗಿ ಕಾಣಿಸಿತು. ಕಮಲಕ್ಕ ಎಂಬುದು ನಿಜವಾದ ಹೆಸರಲ್ಲ. ಗುರುತು ಸಿಗದ ಹಾಗೆ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹಿನ್ನೆಲೆ

ವಯಸ್ಸು 59. ಮನೆ ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸು. ಅಂಗಳದ ಪಕ್ಕದಲ್ಲಿ ಮಲ್ಲಿಗೆ ಗಿಡಗಳು. ಮದುವೆಯಾಗಿ ಬಂದಂದಿನಿಂದ ಬೆಳಿಗ್ಗೆ ಮೊಗ್ಗು ಕೊಯ್ಯುವುದು, ಬಾಳೆನಾರಿನಲ್ಲಿ ಕಟ್ಟುವುದು, ಹೂ ಮಾರುವ ಕಟ್ಟೆಗೆ ಕಳಿಸುವುದು. ಈ ಕಡೆಯವರಿಗೆ ಲೆಕ್ಕ ಗೊತ್ತಿದೆ: 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಗ ಗಲ್ಫ್‌ನಲ್ಲಿ. ಮನೆಯಲ್ಲಿ ಗಂಡ, ಸೊಸೆ, ಒಬ್ಬ ಮೊಮ್ಮಗ.

ಎರಡು ವರ್ಷದಿಂದ ಬಲಮಂಡಿಯಲ್ಲಿ ಬೇನೆ. ಎಡಮಂಡಿಯಲ್ಲೂ ಇತ್ತು, ಸ್ವಲ್ಪ ಕಡಿಮೆ. ಬೆಳಿಗ್ಗೆ ಎದ್ದಾಗ ಹತ್ತು ಹದಿನೈದು ನಿಮಿಷ ಬಿಗಿತ, ಆಮೇಲೆ ಸಡಿಲ. ಈ ವಿವರ ಮುಖ್ಯ. ಬಿಗಿತ ಗಂಟೆಗಟ್ಟಲೆ ಇದ್ದರೆ, ಕೈಬೆರಳಿನ ಗಂಟುಗಳೂ ಊದಿದ್ದರೆ, ನಾವು ಬೇರೆ ರೀತಿಯ ಸಂಧಿವಾತದ ಬಗ್ಗೆ ಯೋಚಿಸಬೇಕಾಗುತ್ತದೆ. ಕಮಲಕ್ಕನಿಗೆ ಅದಿರಲಿಲ್ಲ. ಜ್ವರ ಇಲ್ಲ, ಗಂಟು ಕೆಂಪಾಗಿಲ್ಲ, ಬಿದ್ದ ಪೆಟ್ಟಿಲ್ಲ.

ತೂಕ 74 ಕಿಲೋ, ಎತ್ತರ 152 ಸೆಂಟಿಮೀಟರ್. ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇದ್ದವು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 7.8.

ತಂದಿದ್ದ ನಾಲ್ಕು ಎಕ್ಸ್‌ರೇಗಳಲ್ಲಿ ಮೂರು ಮಲಗಿಸಿ ತೆಗೆದವು. ಮಲಗಿದಾಗ ಮಂಡಿಯ ಮೇಲೆ ಭಾರ ಬೀಳುವುದಿಲ್ಲ, ಹಾಗಾಗಿ ಮೂಳೆಗಳ ನಡುವಿನ ಜಾಗ ಸರಿಯಾಗಿ ತಿಳಿಯುವುದಿಲ್ಲ. ನಿಂತು ತೆಗೆದದ್ದು ಒಂದೇ. ಅದರಲ್ಲಿ ಕಂಡದ್ದು ಮಂಡಿ ಸವೆತ: ಬಲಮಂಡಿ ಮೂರನೆಯ ಹಂತ, ಎಡ ಎರಡನೆಯ ಹಂತ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಮಾಡಿಟ್ಟ ಅಳತೆ ಇದು. ಸೊನ್ನೆಯಿಂದ ನಾಲ್ಕರ ತನಕ ಎಣಿಸುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಮಲಕ್ಕನಿಗೆ ಯಾರೋ "ಗ್ರೀಸ್ ಖಾಲಿಯಾಗಿದೆ, ಮೂಳೆಗೆ ಮೂಳೆ ತಾಗ್ತಾ ಉಂಟು" ಎಂದು ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ಅವರು ಅಂಗಳಕ್ಕೆ ಇಳಿಯಲೂ ಹೆದರುತ್ತಿದ್ದರು. ನಡೆದಷ್ಟೂ ಸವೆಯುತ್ತದೆ ಎಂಬ ಲೆಕ್ಕ. ಮಂಡಿ ಎಂದರೆ ಸೈಕಲ್ಲಿನ ಬೇರಿಂಗ್ ಅಲ್ಲ. ಸವೆಯುವ ಮೆತ್ತೆಗೆ, ಅಂದರೆ ಕಾರ್ಟಿಲೇಜಿಗೆ, ನರವೂ ಇಲ್ಲ, ರಕ್ತನಾಳವೂ ಇಲ್ಲ. ನೋವು ಬರುವುದು ಸುತ್ತಲಿನ ಮೂಳೆ, ಗಂಟಿನ ಒಳಪೊರೆ, ಸ್ನಾಯು ಇವುಗಳಿಂದ. ಮೆತ್ತೆಗೆ ಆಹಾರ ಸಿಗುವುದೇ ಗಂಟು ಆಡುವಾಗ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಒಳಗಿನ ದ್ರವ ಹೋಗಿ ಬರುವುದರಿಂದ. ಎಕ್ಸ್‌ರೇ ತುಂಬ ಹಾಳಾಗಿದ್ದೂ ಆರಾಮಾಗಿ ನಡೆಯುವವರಿದ್ದಾರೆ. ಎಕ್ಸ್‌ರೇ ಚೆನ್ನಾಗಿದ್ದೂ ಮೆಟ್ಟಿಲು ಹತ್ತಲಾಗದವರೂ ಇದ್ದಾರೆ.

ಅಷ್ಟರ ತನಕ ಆಗಿದ್ದೇನು

ಮೊದಲ ನಾಲ್ಕು ತಿಂಗಳು ಮೆಡಿಕಲ್ ಶಾಪಿನಿಂದ ನೇರವಾಗಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ, ದಿನಕ್ಕೆ ಎರಡು. ನೋವು ಕಡಿಮೆಯಾಗುತ್ತಿತ್ತು, ಹೌದು. ಆದರೆ ಹೊಟ್ಟೆ ಉರಿ ಶುರುವಾಯಿತು. ಕಾಲು ಊದಿತು. ಬಿಪಿ ಮಾತ್ರೆ ತಪ್ಪದೆ ತಿಂದರೂ ಬಿಪಿ ಏರಿತು. ಬಿಪಿ, ಸಕ್ಕರೆ ಇರುವವರಿಗೆ ಈ ಜಾತಿಯ ಮಾತ್ರೆಗಳು ಕಿಡ್ನಿಗೂ ಭಾರ. ಮನೆಯ ಹತ್ತಿರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಿಲ್ಲಿಸಿದರು. ಒಳ್ಳೆಯದೇ ಆಯಿತು.

ಆಮೇಲೆ ಒಂದು ವರ್ಷ, ಸವೆದ ಮೆತ್ತೆಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮಿನ್ ಮಾತ್ರೆ. ವ್ಯತ್ಯಾಸ ಏನೂ ಇಲ್ಲ. ಆಮೇಲೆ ಒಂದು ಕಡೆ ಮೂರು ಇಂಜೆಕ್ಷನ್ನಿನ ಪ್ಯಾಕೇಜ್ ಹೇಳಿದರು, ಅವರದೇ ರಕ್ತದಿಂದ ತೆಗೆದ ಪಿಆರ್‌ಪಿ. ಕೇಳಿದ ದುಡ್ಡು ಆ ಮನೆಯ ಎರಡು ತಿಂಗಳ ಹೂವಿನ ಆದಾಯಕ್ಕಿಂತ ಜಾಸ್ತಿ. ಇನ್ನೊಂದು ಕಡೆ ಎರಡೂ ಮಂಡಿ ಬದಲಿಸಿ ಎಂದರು.

ಇದೆಲ್ಲದರ ನಡುವೆ ಮನೆಯವರು ಪ್ರೀತಿಯಿಂದ ಮಾಡಿದ್ದು ಇನ್ನೊಂದು. ಮಗ ಫೋನಿನಲ್ಲಿ "ಅಮ್ಮ, ನೀವು ಇನ್ನು ಏನೂ ಮಾಡ್ಬೇಡಿ, ಸುಮ್ನೆ ಕೂತ್ಕೊಳ್ಳಿ" ಎಂದ. ಸೊಸೆ ಅಡಿಗೆ, ನೀರು, ಗಿಡದ ಕೆಲಸ ಎಲ್ಲ ಮೈಮೇಲೆ ಹಾಕಿಕೊಂಡರು. ಕಮಲಕ್ಕನಿಗೆ ಉಳಿದದ್ದು ಹೂ ಕಟ್ಟುವುದೊಂದೇ. ಎಂಟು ತಿಂಗಳಲ್ಲಿ ತೂಕ 5 ಕಿಲೋ ಏರಿತು. ತೊಡೆ ಸಣಕಲಾಯಿತು. ನೋವು ಕಡಿಮೆಯಾಗಲಿಲ್ಲ.

ನಾನು ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವ ಪರೀಕ್ಷೆ ಮಾಡಿಸಿದೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಲು ಆಗುತ್ತದೆ ಎಂದು ಎಣಿಸುವುದು. ಅವರ ವಯಸ್ಸಿನ ಹೆಂಗಸರಿಗೆ ಹನ್ನೆರಡಾದರೂ ಆಗಬೇಕು. ಕಮಲಕ್ಕನಿಗೆ ಆರು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರೆ ಏಳು ಎಂದರು.

ನಮ್ಮ ಮೊದಲ ನಿರ್ಧಾರಗಳು, ಮತ್ತು ನನ್ನ ತಪ್ಪು

ಮೂಳೆ ಡಾಕ್ಟರ ಜೊತೆ ಕುಳಿತು ಮಾತಾಡಿದೆವು. ಏನು ಮಾಡುವುದು ಎಂಬುದಕ್ಕಿಂತ ಏನು ಬೇಡ ಎಂಬುದು ಬೇಗ ತೀರ್ಮಾನವಾಯಿತು. ಗ್ಲುಕೋಸಮಿನ್ ನಿಲ್ಲಿಸಿದೆವು. ಅಮೆರಿಕದ ಸಂಧಿರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಇದು ಬೇಡ ಎಂದು ಸ್ಪಷ್ಟವಾಗಿ ಹೇಳುತ್ತದೆ. ಪಿಆರ್‌ಪಿ ಬಗ್ಗೆಯೂ ಅದರ ಮಾತು ಅದೇ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಅಧ್ಯಯನದಲ್ಲಿ ಪಿಆರ್‌ಪಿ ಕೊಟ್ಟವರಿಗೂ ಬರೀ ಉಪ್ಪುನೀರು ಚುಚ್ಚಿದವರಿಗೂ ಒಂದು ವರ್ಷದ ನಂತರ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಜನ ಗ್ರೀಸ್ ಇಂಜೆಕ್ಷನ್ ಎನ್ನುವ ಜೆಲ್ ಇಂಜೆಕ್ಷನ್ ಕೂಡ ಬೇಡ ಎಂದೆವು. ಬ್ರಿಟನ್ನಿನ 2022ರ ಮಾರ್ಗಸೂಚಿಯಲ್ಲಿ ಅದನ್ನು ಕೊಡಬೇಡಿ ಎಂದೇ ಇದೆ. ಹೂ ಕಟ್ಟಿ ಉಳಿಸಿದ ದುಡ್ಡನ್ನು ಇಂಥದ್ದಕ್ಕೆ ಸುರಿಯಿರಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮಾತ್ರೆಯ ಬದಲು ಡಾಕ್ಟರು ಡೈಕ್ಲೋಫೆನಾಕ್ ಜೆಲ್ ಬರೆದರು. ಮಂಡಿ ಚರ್ಮಕ್ಕೆ ಹತ್ತಿರ ಇರುವ ಗಂಟು, ಹಾಗಾಗಿ ಮೇಲಿಂದ ಹಚ್ಚುವ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತಕ್ಕೆ ಹೋಗುವುದೂ ಕಡಿಮೆ. "ಅದು ಹಚ್ಚಿ ಆಯ್ತು, ಎಂತದೂ ಆಗ್ಲಿಲ್ಲ" ಎಂದರು ಕಮಲಕ್ಕ. ಹೇಗೆ ಹಚ್ಚಿದ್ದೀರಿ ತೋರಿಸಿ ಎಂದೆ. ಬೆರಳ ತುದಿಗೆ ಬಟಾಣಿ ಕಾಳಿನಷ್ಟು ತೆಗೆದು ಮಂಡಿಚಿಪ್ಪಿನ ಮೇಲೆ ಒಂದು ಸುತ್ತು ಹಾಕಿದರು. ದಿನಕ್ಕೆ ಒಂದೇ ಸಲ, ಮಲಗುವಾಗ. ಒಂದು ಶೇಕಡಾದ ಜೆಲ್ ಆದರೆ ಮಂಡಿಗೆ ಒಂದು ಸಲಕ್ಕೆ ಸುಮಾರು 4 ಗ್ರಾಂ ಬೇಕು, ಅದೂ ದಿನಕ್ಕೆ ಕೆಲವು ಸಲ. ಡಾಕ್ಟರು ಅಳತೆ, ದಿನ ಎರಡನ್ನೂ ಬರೆದುಕೊಟ್ಟರು. ಔಷಧಿ ಸೋತಿರಲಿಲ್ಲ, ಅಳತೆ ಸೋತಿತ್ತು. ತಾವು ಹಚ್ಚುತ್ತಿದ್ದ ಆಯುರ್ವೇದದ ಕೊಟ್ಟಂಚುಕ್ಕಾದಿ ಎಣ್ಣೆ ಬಿಡಬೇಕಾ ಎಂದು ಕೇಳಿದರು. ಬೇಡ, ಸಂಜೆ ಬಿಸಿನೀರಿನ ಸ್ನಾನಕ್ಕೆ ಮೊದಲು ಹಚ್ಚಿ, ಜೆಲ್ ಜೊತೆ ಬೆರೆಸಬೇಡಿ ಎಂದೆ. ಅವರಿಗೆ ಹಿತ ಕೊಡುವ ಒಂದು ಅಭ್ಯಾಸವನ್ನು ಸುಮ್ನೆ ಕಿತ್ತುಕೊಳ್ಳುವ ಅಗತ್ಯ ಇರಲಿಲ್ಲ.

ಇನ್ನು ವ್ಯಾಯಾಮ. ಇಲ್ಲಿ ನಾನು ತಪ್ಪಿದೆ. ಎಂಟು ವ್ಯಾಯಾಮಗಳ ಚಿತ್ರ ಇರುವ ಅಚ್ಚು ಹಾಕಿದ ಹಾಳೆ ಕೊಟ್ಟೆ. ದಿನಕ್ಕೆ ಎರಡು ಸಲ, ಒಂದೊಂದು ಹತ್ತು ಸಲ. ಒಂದು ಸಲ ಮಾಡಿ ತೋರಿಸಿದೆ. ಮೂರು ವಾರ ಬಿಟ್ಟು ಬನ್ನಿ ಎಂದೆ.

ಮೂರು ವಾರದ ನಂತರ ಮಂಡಿ ಊದಿಕೊಂಡು ಬಂದರು. ನೋವು ಎಂಟು. "ನೀವು ಹೇಳಿದ್ದೆಲ್ಲ ಮಾಡಿದೆ" ಎಂದರು. ಹೌದು, ಮಾಡಿದ್ದರು. ಎಂಟನ್ನೂ ಒಂದೇ ಉಸಿರಿಗೆ, ಬೆಳಿಗ್ಗೆ ಹೂ ಕಟ್ಟಿ ಮುಗಿಸಿದ ಕೂಡಲೇ, ನೆಲದ ಮೇಲೆ ಚಾಪೆ ಹಾಕಿ. ಸೊಸೆ ನಿಧಾನವಾಗಿ ಹೇಳಿದರು: "ಮಾಮಿಗೆ ಚಾಪೆಯಿಂದ ಏಳುದೇ ಕಷ್ಟ. ವ್ಯಾಯಾಮಕ್ಕಿಂತ ಅದರಲ್ಲೇ ಬೇನೆ ಜಾಸ್ತಿ ಆಗುದು."

ಆ ಮಾತು ಕೇಳಿದ ಮೇಲೆ ನಾನು ಅವರ ಮನೆಗೆ ಹೋಗಲು ತೀರ್ಮಾನಿಸಿದೆ. ಇಡೀ ಪ್ರಕರಣ ತಿರುಗಿದ್ದು ಅಲ್ಲಿಂದ.

ಚಾವಡಿಯಲ್ಲಿ ಕಂಡದ್ದು

ಫೆಬ್ರವರಿ ಕೊನೆ. ಹೂವು ಜಾಸ್ತಿಯಾಗುತ್ತಿದ್ದ ಕಾಲ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋದೆ. ಕಮಲಕ್ಕ ಚಾವಡಿಯ ನೆಲದಲ್ಲಿ ಕುಳಿತಿದ್ದರು. ಬಲಗಾಲು ಪೂರ್ತಿ ಮಡಚಿ ಪೃಷ್ಠದ ಅಡಿಗೆ ಸೇರಿತ್ತು, ಎಡಗಾಲು ಪಕ್ಕಕ್ಕೆ. ಮುಂದೆ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ಪಕ್ಕದಲ್ಲಿ ಅಲ್ಯೂಮಿನಿಯಂ ಬಟ್ಟಲಿನಲ್ಲಿ ನೆನೆಹಾಕಿದ ಬಾಳೆನಾರು. ಕೈ ನೋಡುತ್ತ ಕುಳಿತರೆ ಕಣ್ಣು ಸೋಲುತ್ತದೆ, ಅಷ್ಟು ಬೇಗ. ಒಂದು ಚೆಂಡು ಮುಗಿಯಲು ಹತ್ತಿರ ಮುಕ್ಕಾಲು ಗಂಟೆ. ಹಾಗೆ ನಾಲ್ಕು ಚೆಂಡು. ನಡುವೆ ಎದ್ದದ್ದು ಬಿಟ್ಟರೆ ಮೂರು ಗಂಟೆ ಹೊತ್ತು ಆ ಬಲಮಂಡಿ ಮಡಚಿಕೊಂಡೇ ಇತ್ತು.

ಮೊದಲ ಚೆಂಡು ಮುಗಿಸಿ ನೀರು ಕುಡಿಯಲು ಎದ್ದರು. ಎದ್ದರು ಎಂದರೆ, ಮೊದಲು ಎಡಗೈ ನೆಲಕ್ಕೆ ಊರಿದರು. ಆಮೇಲೆ ಮೊಣಕಾಲ ಮೇಲೆ ಬಂದರು. ಬಾಗಿಲಿನ ದಾರಂದ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡರು. ಆಮೇಲೂ ಸ್ವಲ್ಪ ಹೊತ್ತು ಬಗ್ಗಿಯೇ ನಿಂತರು. ನಾನು ವಾಚ್ ನೋಡಿದೆ, 21 ಸೆಕೆಂಡು. ಕ್ಲಿನಿಕ್ಕಿನಲ್ಲಿ ಕುಳಿತು ನಾನು ಕೇಳಿದ ಯಾವ ಪ್ರಶ್ನೆಗೂ ಈ ಉತ್ತರ ಸಿಕ್ಕಿರಲಿಲ್ಲ. "ಕೆಲಸ ಏನು ಮಾಡ್ತೀರಿ?" ಎಂದು ಕೇಳಿದ್ದೆ. "ಎಂತದೂ ಇಲ್ಲ, ಕೂತು ಹೂ ಕಟ್ಟುದು ಮಾತ್ರ" ಎಂದಿದ್ದರು. ನಾನು ಅದನ್ನು ಹಗುರ ಕೆಲಸ ಎಂದು ಬರೆದುಕೊಂಡಿದ್ದೆ.

ಉಳಿದದ್ದನ್ನೂ ನೋಡಿದೆ. ಅಡಿಗೆಮನೆಯಲ್ಲಿ ಮೆಟ್ಟುಕತ್ತಿ, ತೆಂಗಿನಕಾಯಿ ತುರಿಯುವ ಮಣೆ, ಎರಡೂ ನೆಲದ ಮೇಲೆ. ಹಿತ್ತಿಲ ಬದಿಗೆ ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ. ಉಡುಪಿಗೆ ಬರಬೇಕಾದರೆ ಬಸ್ಸಿನ ಮೊದಲ ಮೆಟ್ಟಿಲು ಮಂಡಿಯೆತ್ತರ. ಕಂಡಕ್ಟರ್ ವಿಸಿಲ್ ಹಾಕುವ ಮೊದಲು ಹತ್ತಬೇಕೆಂಬ ಗಾಬರಿ ಬೇರೆ.

ಅಲ್ಲಿಯೇ ಕುಳಿತು ಎಲ್ಲ ಹೊಸದಾಗಿ ಯೋಚಿಸಿದೆವು, ಸೊಸೆಯನ್ನೂ ಸೇರಿಸಿ. ನಾನು ಮೊದಲು ಹೇಳಿದ್ದು, ಹೂ ಕಟ್ಟುವುದು ನಿಲ್ಲಿಸುವುದು ಬೇಡ. ಕಮಲಕ್ಕನ ಮುಖ ಅಷ್ಟಕ್ಕೇ ಅರ್ಧ ಹಗುರಾಯಿತು. ಎಲ್ಲರೂ ನಿಲ್ಲಿಸಿ ಎಂದೇ ಹೇಳಿದ್ದರಲ್ಲ. ಕೆಲಸ ಇರಲಿ, ಅದರ ಎತ್ತರ ಬದಲಾಗಲಿ.

ಚಾವಡಿಯಲ್ಲಿ ಗೋಡೆಗೆ ತಾಗಿಸಿ ಒಂದು ಹಳೆಯ ಮರದ ಬೆಂಚು ಇತ್ತು, ಮೇಲೆ ಹಳೆ ಪೇಪರಿನ ಕಟ್ಟು. ಅದನ್ನು ಕಿಟಕಿ ಬೆಳಕಿಗೆ ಎಳೆದೆವು. ಎತ್ತರ 16 ಇಂಚು. ಅದರ ಮೇಲೆ ಎರಡು ಗಟ್ಟಿ ದಿಂಬು. ಮುಂದೆ ಮೊಗ್ಗಿಗೆ ಒಂದು ಸ್ಟೂಲು. ಮೊದಲ ದಿನ "ಕೈ ಬರುದಿಲ್ಲ" ಎಂದರು. ನೆಲದಲ್ಲಿ ಮಡಿಲಿಗೆ ಬೀಳುತ್ತಿದ್ದ ಕಟ್ಟಿದ ಹೂವು ಇಲ್ಲಿ ಕೆಳಗೆ ಜಾರುತ್ತಿತ್ತು. ಸೊಸೆ ಒಂದು ಮೊರ ತಂದು ಮಡಿಲಿಗೆ ಇಟ್ಟರು. ಸರಿಹೋಯಿತು. ನಾನಾದರೆ ಇದನ್ನು ಯೋಚಿಸುತ್ತಿರಲಿಲ್ಲ. ಪಾಯಿಖಾನೆಗೆ ಮೇಲಿಡುವ ಕಮೋಡ್ ಕುರ್ಚಿ ತರಿಸಿದರು. ಕಾಯಿ ತುರಿಯಲು ಮೇಜಿಗೆ ಸಿಕ್ಕಿಸುವ ತುರಿಮಣೆ ಬಂತು. ಮೆಟ್ಟುಕತ್ತಿ ಮಾತ್ರ ಬಿಡಲು ಒಪ್ಪಲಿಲ್ಲ. ಬಂಗುಡೆ ಕೊಯ್ಯಲು ಅದೇ ಬೇಕಂತೆ. ಕೊನೆಗೆ ಮೀನು ಸೊಸೆಯ ಪಾಲಿಗೆ ಹೋಯಿತು.

ವ್ಯಾಯಾಮ ಎಂಟರಿಂದ ಮೂರಕ್ಕೆ ಇಳಿಸಿದೆ. ಒಂದು, ಬೆಂಚಿನಿಂದ ಎದ್ದು ನಿಧಾನವಾಗಿ ಕುಳಿತುಕೊಳ್ಳುವುದು. ಎರಡು, ಮಂಚದಲ್ಲಿ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಸೊಂಟದ ಬದಿಯ ಸ್ನಾಯುವಿಗೆ. ಮೂರು, ಜಗಲಿಯ ಕಂಬ ಹಿಡಿದು ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಯಾವಾಗ ಮಾಡುವುದು? ಗಡಿಯಾರ ನೋಡಿ ಮಾಡುವ ಅಭ್ಯಾಸ ಆ ಮನೆಯಲ್ಲಿಲ್ಲ. ಹಾಗಾಗಿ ಒಂದು ಚೆಂಡು ಮುಗಿದರೆ ಹತ್ತು ಸಲ ಏಳುವುದು ಎಂದು ಇಟ್ಟೆವು. ನಾಲ್ಕು ಚೆಂಡಿಗೆ ನಲವತ್ತು ಸಲ. ಮಂಡಿಯೂ ಮುಕ್ಕಾಲು ಗಂಟೆಗಿಂತ ಜಾಸ್ತಿ ಒಂದೇ ಭಂಗಿಯಲ್ಲಿ ಇರುವುದಿಲ್ಲ. ಎರಡು ವಾರಕ್ಕೊಮ್ಮೆ, ಆರಾಮಾದರೆ, ಒಂದು ದಿಂಬು ತೆಗೆಯುವುದು. ಬೆಂಚು ತಗ್ಗಿದಷ್ಟೂ ತೊಡೆಗೆ ಕೆಲಸ ಜಾಸ್ತಿ.

ನೋವಿಗೂ ಒಂದು ಅಳತೆ ಬೇಕಿತ್ತು. ಮಾಡುವಾಗ ನೋವು ಹತ್ತರಲ್ಲಿ ಐದರ ಒಳಗಿದ್ದರೆ ಹೆದರಬೇಡಿ ಎಂದೆ. ಮರುದಿನ ಬೆಳಿಗ್ಗೆ ಮೊಗ್ಗು ಕೊಯ್ಯಲು ಹೋದಾಗ ಮಂಡಿ ಹಿಂದಿನ ದಿನದ ಹಾಗೇ ಇದ್ದರೆ ಅದೇ ಲೆಕ್ಕ ಮುಂದುವರಿಸಿ. ಜಾಸ್ತಿ ಇದ್ದರೆ ಆ ದಿನ ಹತ್ತರ ಬದಲು ಐದು ಸಲ. ಪೂರ್ತಿ ನಿಲ್ಲಿಸುವುದು ಬೇಡ. ಸೊಸೆ ಸೊಸೈಟಿ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ದಿನಕ್ಕೆ ನಾಲ್ಕು ಗೀಟು ಹಾಕುತ್ತಿದ್ದರು.

ತೂಕದ ವಿಷಯ ಎತ್ತುವುದು ಯಾವಾಗಲೂ ಸೂಕ್ಷ್ಮ. ಬೈದರೆ ಯಾರೂ ಇಳಿಸುವುದಿಲ್ಲ. 2005ರ ಒಂದು ಅಧ್ಯಯನದ ಲೆಕ್ಕ ಹೇಳಿದೆ: ಮೈಯಿಂದ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ. ಅದು ಅವರ ಮನಸ್ಸಿಗೆ ನಾಟಿತು. ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಚಾ ಇತ್ತು, ಎರಡಕ್ಕೆ ಇಳಿಯಿತು. ಕುಚ್ಚಲಕ್ಕಿ ಅನ್ನ ಮೂರು ಹೊತ್ತೂ ಇತ್ತು, ಪ್ರತಿ ಹೊತ್ತಿಗೆ ಒಂದು ಸೌಟು ಕಡಿಮೆ ಮಾಡಿ ಪಲ್ಯ ಜಾಸ್ತಿ ಮಾಡಿದರು. ಸಂಜೆಯ ಬೇಕರಿ ತಿಂಡಿ ವಾರಕ್ಕೊಮ್ಮೆ ಆಯಿತು.

ಮಳೆಗಾಲದ ತಿರುವು

ಜೂನ್ ಮೊದಲ ವಾರಕ್ಕೆ ನೋವು ಏಳರಿಂದ ನಾಲ್ಕಕ್ಕೆ ಬಂದಿತ್ತು. 30 ಸೆಕೆಂಡಿಗೆ ಹತ್ತು ಸಲ ಏಳುತ್ತಿದ್ದರು. ದಿಂಬು ಎರಡೂ ಹೋಗಿತ್ತು. ತೂಕ 71.5. ನನಗೆ ತುಂಬ ಸಂತೋಷವಾಗಿತ್ತು.

ಜೂನ್ ಕೊನೆಗೆ ಸೊಸೆಯ ಫೋನ್. ಮಂಡಿ ತೆಂಗಿನಕಾಯಿಯ ಹಾಗೆ ಊದಿದೆ, ಕಾಲು ಊರಲು ಆಗುತ್ತಿಲ್ಲ. ನಡೆದದ್ದು ಇಷ್ಟು. ಬೇನೆ ಕಡಿಮೆಯಾದ ಖುಷಿಯಲ್ಲಿ ಕಮಲಕ್ಕ ತಂಗಿಯ ಗದ್ದೆಗೆ ನೇಜಿ, ಅಂದರೆ ಭತ್ತದ ಸಸಿ, ನೆಡಲು ಹೋಗಿದ್ದರು. ಮೂರು ಗಂಟೆ ಹೊತ್ತು ಬಗ್ಗಿ, ಕೆಸರಿನಿಂದ ಕಾಲು ಕಿತ್ತು ಕಿತ್ತು ಇಟ್ಟು. ಯಾರೂ ಕರೆದಿರಲಿಲ್ಲ. "ಎಲ್ಲರೂ ನೆಡುವಾಗ ನಾನು ಕಟ್ಟಪುಣಿಯಲ್ಲಿ ನಿಂತು ನೋಡುದು ಹೇಗೆ?" ಎಂದರು. ಈ ಮಾತಿಗೆ ನಾನು ಏನು ಹೇಳಲಿ? ನೋವು ಕಡಿಮೆಯಾದ ಮೇಲೆ ಮೊದಲು ಏನು ಮಾಡಬೇಕೆಂದು ಆಸೆ ಇದೆ ಎಂದು ನಾನು ಕೇಳಿರಬೇಕಿತ್ತು. ಕೇಳಿದ್ದರೆ ಗದ್ದೆಗೆ ಬೇಕಾದ ತಯಾರಿ ಮಾಡಿಸಬಹುದಿತ್ತು, ಅರ್ಧ ಗಂಟೆ ಮಾತ್ರ ಎಂದು ಹೇಳಬಹುದಿತ್ತು.

ಒಮ್ಮೆಲೇ ಊದಿದ ಮಂಡಿಯನ್ನು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರ ಮಂಡಿಯನ್ನು, ಸವೆತ ಎಂದು ಬಿಟ್ಟುಬಿಡುವಂತಿಲ್ಲ. ಕೀವಾಗಿದ್ದರೆ ಗಂಟೇ ಹಾಳಾಗುತ್ತದೆ. ಅದೇ ದಿನ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಅವರು ಸೂಜಿ ಹಾಕಿ ಸುಮಾರು 30 ಎಂಎಲ್ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ತಿಳಿ ಹಳದಿ. ಸೋಂಕಿಲ್ಲ, ಗೌಟ್ ಎಂಬ ಇನ್ನೊಂದು ಗಂಟುರೋಗದ ಹರಳಿಲ್ಲ.

ಈಗ ಸ್ಟೀರಾಯ್ಡ್ ಇಂಜೆಕ್ಷನ್ ಬೇಕೇ ಎಂಬ ಪ್ರಶ್ನೆ. ಡಾಕ್ಟರೂ ನಾನೂ ಬಹಳ ಹೊತ್ತು ಮಾತಾಡಿದೆವು. ಇದು ನೋವನ್ನು ಬೇಗ ಇಳಿಸುತ್ತದೆ, ಆದರೆ ಪರಿಣಾಮ ಕೆಲವು ವಾರ. 2017ರ ಒಂದು ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟವರ ಕಾರ್ಟಿಲೇಜ್ ಉಪ್ಪುನೀರು ಕೊಟ್ಟವರಿಗಿಂತ ಜಾಸ್ತಿ ತೆಳುವಾಯಿತು, ನೋವಿನಲ್ಲಿ ಲಾಭವೂ ಕಾಣಲಿಲ್ಲ. 2020ರ ಇನ್ನೊಂದರಲ್ಲಿ 156 ಜನರನ್ನು ಎರಡು ಗುಂಪು ಮಾಡಿದ್ದರು, ಒಂದಕ್ಕೆ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ. ಒಂದು ವರ್ಷದ ನಂತರ ಫಿಸಿಯೋಥೆರಪಿ ಗುಂಪಿನವರೇ ಮೇಲಿದ್ದರು. ಹಾಗಾದರೆ ಬೇಡವೇ? ಕಮಲಕ್ಕನಿಗೆ ಕಾಲು ಊರಲೇ ಆಗುತ್ತಿರಲಿಲ್ಲ. ಮಾತ್ರೆ ಕೊಡುವಂತಿಲ್ಲ. ಹೀಗೇ ಒಂದು ತಿಂಗಳು ಮಲಗಿದರೆ ನಾಲ್ಕು ತಿಂಗಳಲ್ಲಿ ಕಟ್ಟಿದ ತೊಡೆಯ ಬಲ ಹೋಗುತ್ತದೆ. ವ್ಯಾಯಾಮ ಮತ್ತೆ ಶುರುಮಾಡಲು ಒಂದು ದಾರಿ ಬೇಕು. ಒಂದೇ ಸಲ ಕೊಡುವುದು, ಅದನ್ನು ಅಭ್ಯಾಸ ಮಾಡುವುದಿಲ್ಲ ಎಂದು ತೀರ್ಮಾನಿಸಿದೆವು. ಇದನ್ನು ಕಮಲಕ್ಕನಿಗೂ ಸೊಸೆಗೂ ಬಿಡಿಸಿ ಹೇಳಿದೆವು.

ಸ್ಟೀರಾಯ್ಡಿನಿಂದ ಸಕ್ಕರೆ ಏರುತ್ತದೆ ಎಂದು ಮೊದಲೇ ಹೇಳಿ, ಮನೆಯಲ್ಲೇ ದಿನಕ್ಕೆ ಮೂರು ಸಲ ನೋಡಲು ಮಿಶಿನ್ ಕೊಡಿಸಿದ್ದೆವು. ಎರಡನೆಯ ದಿನ 260. ಸೊಸೆ ಡಾಕ್ಟರಿಗೆ ಫೋನ್ ಮಾಡಿ ಹೇಳಿದ ಹಾಗೆ ನಡೆದುಕೊಂಡರು. ಐದನೆಯ ದಿನಕ್ಕೆ ಹಿಂದಿನ ಮಟ್ಟಕ್ಕೆ ಬಂತು. ಮೊದಲೇ ಹೇಳದೇ ಇದ್ದಿದ್ದರೆ ಆ ಮನೆಯಲ್ಲಿ ಆ ರಾತ್ರಿ ಎಷ್ಟು ಗಾಬರಿಯಾಗುತ್ತಿತ್ತು, ಅಲ್ವಾ?

ಹತ್ತು ದಿನಕ್ಕೆ ಎರಡು ದಿಂಬು ವಾಪಸ್ ಬೆಂಚಿಗೆ ಬಂದವು, ಐದೈದು ಸಲದಿಂದ ಮತ್ತೆ ಶುರು. ಮಳೆಗಾಲ ಹೂವೂ ಕಡಿಮೆ, ಹಾಗಾಗಿ ಹೊತ್ತು ಸಿಕ್ಕಿತು.

ಈ ಹಂತದಲ್ಲೇ ಕೋಲಿನ ಮಾತು ಬಂದದ್ದು. ಕೋಲು ಹಿಡಿಯಲು ಅವರಿಗೆ ನಾಚಿಕೆ. "ಕೋಲು ಹಿಡಿದ್ರೆ ಮುದುಕಿ ಆದ ಹಾಗೆ." ಒಂದು ದಿನ ಉದ್ದ ಹಿಡಿಯ ಕೊಡೆ ಊರಿಕೊಂಡು ಬಂದರು, ಅದೂ ಬಲಗೈಯಲ್ಲಿ, ನೋವಿರುವ ಕಾಲಿನ ಬದಿಗೆ. ಬಹಳ ಜನ ಹೀಗೇ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಬಲಮಂಡಿ ನೋವಾದರೆ ಎಡಗೈ. ಬಲಗಾಲೂ ಕೋಲೂ ಒಟ್ಟಿಗೆ ಮುಂದೆ ಹೋದರೆ ಮಂಡಿಯ ಭಾರ ಕಡಿಮೆಯಾಗುತ್ತದೆ. ಕೊಡೆಯ ಕಬ್ಬಿಣದ ತುದಿ ಪಾಚಿ ಹಿಡಿದ ಕೆಂಪುಕಲ್ಲಿನ ಮೇಲೆ ಜಾರುವುದನ್ನು ನಾನು ಅವರ ಅಂಗಳದಲ್ಲಿ ನೋಡಿದ್ದೆ. ಆ ಕೊಡೆ ಬೇಡ ಎಂದೆ. ಗಂಡ ರಬ್ಬರ್ ಬುಶ್ ಇರುವ ಕೋಲು ತಂದುಕೊಟ್ಟರು. ಮನೆ ಅಂಗಳದಲ್ಲಿ ಕೋಲು ಹಿಡಿಯಲು ಒಪ್ಪಿದರು. ಪೇಟೆಗೆ ಹೋಗುವಾಗ ಹಿಡಿಯಲು ಇನ್ನೂ ಒಪ್ಪಿಲ್ಲ.

ಎಲ್ಲಿಗೆ ಬಂತು

ಅಕ್ಟೋಬರ್ ಕೊನೆಗೆ, ಅಂದರೆ ಒಂಬತ್ತು ತಿಂಗಳಿಗೆ, ನೋವು ಸಾಮಾನ್ಯ ದಿನಗಳಲ್ಲಿ ಮೂರು. 30 ಸೆಕೆಂಡಿಗೆ ಹನ್ನೆರಡು ಸಲ. ತೂಕ 69.5. ಎಚ್‌ಬಿಎ1ಸಿ 7.1. ಬಿಪಿ ಹಿಡಿತದಲ್ಲಿದೆ. ಜೆಲ್ ಈಗ ಬೇಕಾದ ದಿನ ಮಾತ್ರ. ಬಸ್ಸು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಕಲಿತಿದ್ದಾರೆ. ಒಬ್ಬರೇ ಉಡುಪಿಗೆ ಬಂದು ಹೋಗುತ್ತಾರೆ.

ಮತ್ತೆ ಎಕ್ಸ್‌ರೇ ತೆಗೆಸಬೇಕೆಂದು ಮಗನ ಒತ್ತಾಯ ಇತ್ತು. ಬೇಡ ಎಂದೆವು. ಸವೆತ ಹಾಗೆಯೇ ಇರುತ್ತದೆ. ಇದ್ದದ್ದನ್ನು ಇಟ್ಟುಕೊಂಡೇ ಇಷ್ಟು ಆಗಿದೆ. ಅದನ್ನು ನೋಡಿ ಮತ್ತೆ ಹೆದರಿ ಕುಳಿತರೆ ಎಲ್ಲ ಮೊದಲಿಗೆ ಬರುತ್ತದೆ.

ವಾಪಸ್ ಬಾರದ ವಿಷಯಗಳೂ ಇವೆ, ಹೇಳದಿದ್ದರೆ ತಪ್ಪಾಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಭಜನೆಗೆ ಹೋದರೆ ಕುರ್ಚಿ ಬೇಕು. ದೇವಸ್ಥಾನದ ಊಟಕ್ಕೆ ಪಂಕ್ತಿಯಲ್ಲಿ ನೆಲಕ್ಕೆ ಕೂರುವುದು ಬಿಟ್ಟಿದ್ದಾರೆ. ಅದು ಅವರಿಗೆ ಮಂಡಿನೋವಿಗಿಂತ ಜಾಸ್ತಿ ನೋವು ಕೊಟ್ಟಿದೆ ಎಂದು ನನಗೆ ಅನಿಸುತ್ತದೆ. ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ.

ಆಪರೇಶನ್ ಬಗ್ಗೆ ಅವರು ಮೊದಲ ದಿನ ಕೇಳಿದ ಪ್ರಶ್ನೆಗೆ ಈಗಿನ ಉತ್ತರ: ಸದ್ಯಕ್ಕೆ ಬೇಡ. ಮುಂದೆಂದೂ ಬೇಡ ಎಂದಲ್ಲ. ರಾತ್ರಿ ನಿದ್ದೆಗೆಡಿಸುವ ನೋವು ಬಂದರೆ, ಮನೆಯೊಳಗೆ ನಡೆಯಲೂ ಆಗದಿದ್ದರೆ, ಕಾಲು ಇನ್ನೂ ಹೊರಬಾಗಿದರೆ, ಆಗ ಮತ್ತೆ ಕುಳಿತು ಮಾತಾಡುವುದು. ಮಂಡಿ ಬದಲಿಸುವುದು ಒಳ್ಳೆಯ ಚಿಕಿತ್ಸೆಯೇ, ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ. ಆ ದಿನ ಬಂದರೂ ಈಗ ಕಟ್ಟಿದ ತೊಡೆಯ ಬಲ ಅವರ ಜೊತೆಗೇ ಇರುತ್ತದೆ. ನೋವು ಶುರುವಾದ ಮೊದಲ ವರ್ಷದಲ್ಲೇ ಯಾರಾದರೂ ಆ ಚಾವಡಿಗೆ ಹೋಗಿ ನೋಡಿದ್ದರೆ, ಎಂಟು ತಿಂಗಳು ಸುಮ್ನೆ ಕೂರಿಸುವುದು ತಪ್ಪುತ್ತಿತ್ತು ಎಂಬ ಬೇಸರ ನನಗಿದೆ.

ಈಗ ಹೊಸಬರು ಬಂದಾಗ ನಾನು ಅಚ್ಚು ಹಾಕಿದ ಹಾಳೆ ಕೊಡುವುದಿಲ್ಲ. ಮನೆಗೆ ಹೋಗಲು ಆಗದಿದ್ದರೆ ಮನೆಯವರಿಂದ ಮೊಬೈಲಿನಲ್ಲಿ ಎರಡು ವಿಡಿಯೋ ತರಿಸುತ್ತೇನೆ. ಅವರು ಕೆಲಸಕ್ಕೆ ಕುಳಿತದ್ದು ಒಂದು, ಅಲ್ಲಿಂದ ಎದ್ದದ್ದು ಒಂದು. ಬೀಡಿ ಕಟ್ಟುವವರು, ಮೀನು ಮಾರುವವರು, ಅಂಗನವಾಡಿಯ ಟೀಚರ್, ಒಬ್ಬೊಬ್ಬರ ಮಂಡಿಯ ದಿನ ಒಂದೊಂದು ಥರ.

ಡಿಸೆಂಬರಿನಲ್ಲಿ ಕಮಲಕ್ಕ ಬಂದಾಗ ತೂಕ ಒಂದು ಕಿಲೋ ಏರಿತ್ತು. ಕ್ಯಾಲೆಂಡರಿನ ಫೋಟೋದಲ್ಲಿ ಕೆಲವು ದಿನ ಗೀಟೇ ಇರಲಿಲ್ಲ. ಮೊಮ್ಮಗನಿಗೆ ಜ್ವರ ಬಂದು ಎರಡು ವಾರ ಹಾಗೇ ಹೋಯಿತಂತೆ. ಮತ್ತೆ ದಿನಕ್ಕೆ ನಾಲ್ಕು ಗೀಟಿಗೆ ಬಂದಿದ್ದಾರೆ. ಎಡಮಂಡಿಗೂ ಅದೇ ಮೆಟ್ಟಿಲಿನ ವ್ಯಾಯಾಮ ಸೇರಿಸಿದ್ದೇವೆ. ಮುಂದಿನ ಭೇಟಿ ಫೆಬ್ರವರಿ ಮಧ್ಯದಲ್ಲಿ, ಹೂವು ಜಾಸ್ತಿಯಾಗುವ ಮೊದಲು. ಈ ವರ್ಷ ನೇಜಿ ಶುರುವಾಗುವ ಒಂದು ತಿಂಗಳು ಮುಂಚೆಯೇ ತಂಗಿಯ ಗದ್ದೆಯ ವಿಷಯ ಮಾತಾಡುವುದು ಎಂದು ಅವರ ಫೈಲಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.